ವಸತಿ ಶಾಲೆಯ ಬಚ್ಚಲು ನೀರಿಗೆ ಆಪಿನ ಮಡಿ



ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ರಸ್ತೆಯಲ್ಲಿ ಬರದ ಬೇಸಿಗೆಗಳಂದು ನೀರಿನ ಟ್ಯಾಂಕರುಗಳು ಸಾಲುಗಟ್ಟಿ ಓಡುವುದನ್ನು ನೀವು ಕಂಡಿದ್ದೀರಿ. ಸಾಲ ಮಾಡಿ ನೀರು ಕೊಂಡು, ದ್ರಾಕ್ಷಿ ಬಳ್ಳಿಯ ಬುಡಕ್ಕೆ ಹನಿ ಹನಿಯಾಗಿ ಬಿಟ್ಟು ತೋಟ ಉಳಿಸಿಕೊಂಡವರೂ ನಿಮ್ಮಲ್ಲಿ ಅನೇಕರಿದ್ದೀರಿ. ಅಂಥ ನಾಡಿನಲ್ಲಿಯೇ, ಊರಿನಿಂದ ದೂರ ಹೊಲಗಳ ನಡುವೆ ನಿಂತ ಒಂದು ವಸತಿ ಶಾಲೆಯ ಹಿತ್ತಲಿಗೆ ಹೋಗಿ ನೋಡಿರಿ. ಶಾಲೆ ನಡೆಯುವಷ್ಟು ದಿನವೂ ಬತ್ತದ ಒಂದು ಕರಿಯ ಹೊಂಡ ಅಲ್ಲಿ ಕಾಣುತ್ತದೆ. ಬಚ್ಚಲಿನ ನೀರು, ಬಟ್ಟೆ ಒಗೆದ ನೀರು, ಅಡುಗೆ ಮನೆಯ ಗಂಜಿ ನೀರು, ಪಾಯಖಾನೆಯ ಸೆಪ್ಟಿಕ್ ಟ್ಯಾಂಕಿನಿಂದ ಉಕ್ಕಿ ಬಂದದ್ದು, ಎಲ್ಲವೂ ಅಲ್ಲಿ ಸೇರಿ ನಾರುತ್ತಿರುತ್ತದೆ. ಒಂದು ಕಡೆ ಕೊಂಡ ನೀರು, ಇನ್ನೊಂದು ಕಡೆ ಚೆಲ್ಲಿದ ನೀರು. ಇವೆರಡರ ನಡುವೆ ಇರುವುದು ಒಂದು ಬದು ಮಾತ್ರ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಶಾಲೆಗೆ ಹತ್ತಿದ ಹೊಲದ ರೈತರೊಬ್ಬರು ನನ್ನನ್ನು ಕರೆದೊಯ್ದು ತಮ್ಮ ಬಿಳಿಜೋಳವನ್ನು ತೋರಿಸಿದರು. ಶಾಲೆಯ ಹೆಸರು ಇಲ್ಲಿ ಬೇಡ, ಹೆಸರು ಹೇಳಿದರೆ ದೋಷ ಒಬ್ಬರ ಮೇಲೆ ಬರುತ್ತದೆ, ದೋಷವಾದರೋ ಬಹಳ ಕಡೆ ಇದೆ. ನೀರು ಹರಿದು ಬಂದ ಕಡೆ ಜೋಳ ಹಳದಿಯಾಗಿತ್ತು, ಜೇಕು ಮಾತ್ರ ಮೊಣಕಾಲೆತ್ತರ ಬೆಳೆದಿತ್ತು, ಒಣಗಿದ ಜಾಗದಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಸಾಲಿ ಹುಡುಗ್ರು ನಮ್ಮ ಮಕ್ಕಳ ಅದಾರ್ರಿ ಸಾಹೇಬ್ರ, ಅವರ ಮ್ಯಾಲ ಫಿರ್ಯಾದಿ ಹ್ಯಾಂಗ ಮಾಡೂದು? ಆದ್ರ ಹೊಲ ಕೈ ಬಿಟ್ಟು ಹೊಂಟೈತಿ." ಅವರ ಮೊಮ್ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು.

ಈ ಜಗಳಕ್ಕೆ ಸಾಮಾನ್ಯವಾಗಿ ಸೂಚಿಸುವ ಪರಿಹಾರ ಇಂಗುಗುಂಡಿ. ಒಂದು ಮನೆಯ ಬಚ್ಚಲಿಗೆ ಇಂಗುಗುಂಡಿ ಒಳ್ಳೆಯದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೂರಾರು ಮಕ್ಕಳು ಇರುವ ಶಾಲೆಗೆ, ಅದೂ ನಮ್ಮ ಮಣ್ಣಿನಲ್ಲಿ, ಇಂಗುಗುಂಡಿ ಕೆಲಸಕ್ಕೆ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಣ್ಣನ್ನು ಬಲ್ಲ ನಿಮಗೆ ಇದರ ಕಾರಣ ಬೇಗ ತಿಳಿದೀತು.

ಬಬಲೇಶ್ವರದ ಕಡೆ, ಡೋಣಿಯ ದಂಡೆಯಲ್ಲಿ ಇರುವುದು ಆಳವಾದ ಎರಿ ಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಹೇಳಿದ್ದು ಈ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಗುಣಕ್ಕಾಗಿ. ಹಿಂಗಾರಿಯ ಜೋಳಕ್ಕೆ ಅದೇ ಗುಣ ವರವಾದರೆ, ಇಂಗುಗುಂಡಿಗೆ ಅದೇ ಶಾಪ. ಒಣಗಿದಾಗ ಎರಿ ಬಿರಿದು ಬಾಯಿ ತೆರೆಯುತ್ತದೆ, ಒಮ್ಮೆ ನೆನೆದರೆ ಉಬ್ಬಿ ಬಾಯಿ ಮುಚ್ಚುತ್ತದೆ. ಆಮೇಲೆ ನೀರು ಕೆಳಗೆ ಇಳಿಯುವುದು ಬಹಳ ನಿಧಾನ. ಮೇಲಾಗಿ ಸಾಬೂನಿನ ಜಿಡ್ಡು ಗುಂಡಿಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಗುಂಡಿ ತುಂಬಿ ಉಕ್ಕುತ್ತದೆ.

ತಿಕೋಟಾದ ಮಡ್ಡಿ ಭೂಮಿಯಲ್ಲಿ ಸಂಗತಿ ತಿರುವುಮುರುವು. ಒಂದು ಗೇಣು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಿರುಕು ಬಿಟ್ಟ ಕರಿಕಲ್ಲು. ಇಲ್ಲಿ ನೀರು ಇಂಗುತ್ತದೆ, ನಿಜ. ಆದರೆ ಸೋಸಲು ಮಣ್ಣೇ ಇಲ್ಲದ ಕಾರಣ ಹೊಲಸು ಹೊಲಸಾಗಿಯೇ ಬಿರುಕಿನಲ್ಲಿ ಇಳಿದು, ಅಕ್ಕಪಕ್ಕದ ಬೋರ್‌ವೆಲ್ಲಿಗೆ ಹೋಗಬಹುದು. ಆ ಬೋರ್‌ವೆಲ್ ಶಾಲೆಯದೇ ಆಗಿರಬಹುದು. ಹೀಗೆ ಒಂದು ಕಡೆ ಇಂಗದು, ಇನ್ನೊಂದು ಕಡೆ ಇಂಗಬಾರದು.

ಹಾಗಾದರೆ ಏನು ಮಾಡಬೇಕು? ಕೆರೆಯ ತೂಬಿನ ಬಳಿ, ಹಳ್ಳದ ಮಡುವಿನಲ್ಲಿ ಆಪು, ಜೊಂಡು ಬೆಳೆದ ಜಾಗವನ್ನು ನೆನಪಿಗೆ ತಂದುಕೊಳ್ಳಿರಿ. ಮೇಲಿನಿಂದ ಕದಡಿ ಬಂದ ನೀರು ಆಪಿನ ಪೊದೆಯನ್ನು ದಾಟಿ ಹೊರಬರುವಾಗ ತಿಳಿಯಾಗಿರುತ್ತದೆ. ಇದನ್ನೇ ನಾವು ಅಳತೆ ಹಾಕಿ, ಮಡಿ ಕಟ್ಟಿ, ಖಡಿ ತುಂಬಿ, ಆಪು ನೆಟ್ಟು ಮಾಡಿದರೆ ಅದು ನಿರ್ಮಿತ ಜೌಗು ಭೂಮಿ. ಹೆಸರು ದೊಡ್ಡದು. ನಾನು ಇದನ್ನು ಆಪಿನ ಮಡಿ ಎನ್ನುತ್ತೇನೆ.

ಆಪು ಹೊಲಸನ್ನೆಲ್ಲ ಕುಡಿದುಬಿಡುತ್ತದೆ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಹೆಚ್ಚಿನ ಕೆಲಸ ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಖಡಿಯ ಮೈಮೇಲೆ, ಬೇರಿನ ಮೈಮೇಲೆ ಲೋಳೆಯ ಹಾಗೆ ಅವು ನೆಲೆಸಿ, ನೀರಿನಲ್ಲಿ ಕರಗಿದ ಹೊಲಸನ್ನು ತಿಂದು ಅರಗಿಸುತ್ತವೆ. ನಿಮ್ಮ ತಿಪ್ಪೆಯಲ್ಲಿ ಸಗಣಿ ಗೊಬ್ಬರವಾಗುವುದೂ ಇಂಥವುಗಳಿಂದಲೇ. ಆಪಿನ ದಂಟು ಒಳಗೆ ಟೊಳ್ಳು. ಎಲೆಯಿಂದ ಬೇರಿಗೆ ಸ್ವಲ್ಪ ಗಾಳಿ ಇಳಿಯುತ್ತದೆ, ಬೇರು ಖಡಿಯ ನಡುವೆ ದಾರಿಗಳನ್ನು ಬಿಡಿಸಿಕೊಡುತ್ತದೆ, ತನ್ನ ಪಾಲಿನ ಸಾರಜನಕವನ್ನು, ರಂಜಕವನ್ನು ಹೀರುತ್ತದೆ. ವಿದ್ಯುತ್ತು ಬೇಡ, ಮೋಟಾರು ಬೇಡ, ಇಳಿಜಾರು ಇದ್ದರೆ ಸಾಕು. ಕರೆಂಟು ಯಾವಾಗ ಬಂದೀತು, ಯಾವಾಗ ಹೋದೀತು ಎಂದು ಕಾಯುವ ಊರುಗಳಿಗೆ ಇದು ಸಣ್ಣ ಮಾತಲ್ಲ.

ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ಜರ್ಮನಿಯಲ್ಲಿ ಕೇಟೆ ಜೈಡೆಲ್ ಎಂಬ ಮಹಿಳಾ ವಿಜ್ಞಾನಿ 1950ರ ದಶಕದಲ್ಲಿಯೇ ಜೊಂಡಿನಿಂದ ಹೊಲಸು ನೀರು ತಿಳಿಗೊಳಿಸುವ ಪ್ರಯೋಗಗಳನ್ನು ಆರಂಭಿಸಿದರು. ನಮ್ಮ ದೇಶದ ಮೊದಲನೆಯ ಇಂಥ ಮಡಿ ಎಂದು ಹೆಸರಾದದ್ದು ಎಲ್ಲಿ ಗೊತ್ತೇ? ಒಂದು ಶಾಲೆಯಲ್ಲಿ! 1990ರ ದಶಕದಲ್ಲಿ ಒಡಿಶಾದ ಭುವನೇಶ್ವರದ ಸೈನಿಕ ಶಾಲೆಯ ಆವರಣದಲ್ಲಿ 90 ಮೀಟರ್ ಉದ್ದ, 30 ಮೀಟರ್ ಅಗಲದ ಮಡಿಯನ್ನು ಕಟ್ಟಿ ಆಪು, ಜೊಂಡು ಬೆಳೆಸಲಾಯಿತು. ನಮ್ಮ ವಿಜಯಪುರದಲ್ಲಿಯೂ 1963ರಿಂದ ಸೈನಿಕ ಶಾಲೆಯಿದೆ ಎಂಬುದನ್ನು ನೆನೆದಾಗ ಭುವನೇಶ್ವರ ಅಷ್ಟೇನೂ ದೂರವೆನಿಸುವುದಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಮಧ್ಯಪ್ರದೇಶದ ಧಾರ್ ಮತ್ತು ಝಾಬುವಾ ಜಿಲ್ಲೆಗಳದು. ಅವೂ ನೀರಿನ ಕೊರತೆಯ ಜಿಲ್ಲೆಗಳು. ಅಲ್ಲಿಯ ಆಶ್ರಮ ಶಾಲೆಗಳಲ್ಲಿ ಪಾಯಖಾನೆ ಕಟ್ಟಿಸಿದರೂ ಹಾಕಲು ನೀರಿಲ್ಲದೆ ಮಕ್ಕಳು ಬಯಲಿಗೆ ಹೋಗಬೇಕಾಗುತ್ತಿತ್ತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಬಚ್ಚಲು ನೀರನ್ನು ಖಡಿ, ಉಸುಕಿನ ತೊಟ್ಟಿಗಳಲ್ಲಿ ಸೋಸಿ ಪಾಯಖಾನೆಗೆ ಹಾಕಲು, ಕೈತೋಟಕ್ಕೆ ಬಿಡಲು ವ್ಯವಸ್ಥೆ ಮಾಡಿದವು. ಆ ಅನುಭವದ ಕೈಪಿಡಿ 2007ರಲ್ಲಿ ಹೊರಬಂದಿತು. ಅಲ್ಲಿ ಆಪಿಗಿಂತ ಖಡಿ ಮುಖ್ಯ, ಆದರೆ ತತ್ವ ಇದೇ. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯೂ ಆಪು, ಕ್ಯಾನಾ ಮೊದಲಾದವುಗಳನ್ನು ಬೆಳೆಸಿ ಗೃಹಬಳಕೆಯ ಹೊಲಸು ನೀರಿನ ಮೇಲೆ ಪರೀಕ್ಷೆ ನಡೆಸಿದೆ. ನಮ್ಮ ಬಿಸಿಲಿಗೆ ಆಪು ತಾಳೀತೇ ಎಂದು ಕೇಳುವವರಿಗೆ ಒಮಾನ್ ದೇಶದ ನಿಮ್ರ್ ಎಂಬ ಸ್ಥಳದ ಹೆಸರು ಹೇಳಬೇಕು. ಅಪ್ಪಟ ಮರುಭೂಮಿಯಲ್ಲಿ, ಎಣ್ಣೆ ಬಾವಿಗಳಿಂದ ಮೇಲೆ ಬರುವ ನೀರನ್ನು ಅಲ್ಲಿ ನೂರಾರು ಎಕರೆ ಜೊಂಡಿನ ಮೂಲಕ ಹಾಯಿಸುತ್ತಾರೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಸರಕಾರಿ ವಸತಿ ಶಾಲೆಗಳಲ್ಲಿ ಸಾಮಾನ್ಯವಾಗಿ 6ರಿಂದ 10ನೆಯ ತರಗತಿಯವರೆಗೆ ತರಗತಿಗೆ 50ರಂತೆ 250 ಮಕ್ಕಳು. ವಸತಿ ಶಾಲೆಗೆ ತಲಾ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಎಂಜಿನಿಯರರು ಹಿಡಿಯುವ ಪ್ರಮಾಣ. ನಮ್ಮ ಕಡೆ ಅಷ್ಟು ಎಲ್ಲಿಯದು? 80 ಲೀಟರ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 20,000 ಲೀಟರ್ ಆಯಿತು. ಅದರಲ್ಲಿ ನೂರಕ್ಕೆ 80ರಷ್ಟು ಮೋರಿಗೆ ಬರುತ್ತದೆ, ಅಂದರೆ 16,000 ಲೀಟರ್. ನಮ್ಮಂಥ ಬಿಸಿ ನಾಡಿನಲ್ಲಿ ತಲೆಗೆ ಒಂದು ಚದರ ಮೀಟರಿನಂತೆ ಮಡಿ ಇದ್ದರೆ ನಡೆಯುತ್ತದೆ. 250 ಚದರ ಮೀಟರ್ ಎಂದರೆ ಎರಡೂವರೆ ಗುಂಟೆ ಮಾತ್ರ. ಇದನ್ನು ಒಂದೇ ಮಡಿಯಾಗಿ ಮಾಡದೆ, 25 ಮೀಟರ್ ಉದ್ದ, 5 ಮೀಟರ್ ಅಗಲದ ಎರಡು ಮಡಿಗಳಾಗಿ ಮಾಡುವುದು ಮೇಲು. ಒಂದನ್ನು ದುರಸ್ತಿಗೆ ಬಿಟ್ಟಾಗ ಇನ್ನೊಂದು ಕೆಲಸ ಮಾಡುತ್ತಿರುತ್ತದೆ.

ಮಡಿಯ ಆಳ 70 ಸೆಂಟಿಮೀಟರ್. ತಳಕ್ಕೆ ಕೃಷಿ ಹೊಂಡಕ್ಕೆ ಹಾಸುವಂಥ ದಪ್ಪ ಪ್ಲಾಸ್ಟಿಕ್ ಹಾಳೆ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಈ ಹಾಳೆಯನ್ನು ಹಾಸುವುದು, ಕೂಡಿಸುವುದು ನಿಮ್ಮ ಊರುಗಳಲ್ಲಿ ಬಲ್ಲವರಿದ್ದಾರೆ. ಎರಿ ಮಣ್ಣೇ ನೀರು ಹಿಡಿಯುತ್ತದೆ, ಹಾಳೆ ಏಕೆ ಎಂದು ಉಳಿತಾಯಕ್ಕೆ ಹೋಗಬೇಡಿರಿ, ರಜೆಯಲ್ಲಿ ಒಣಗಿ ಬಿರಿದರೆ ಮುಗಿಯಿತು. ಹಾಳೆಯ ಮೇಲೆ 10ರಿಂದ 20 ಮಿಲಿಮೀಟರ್ ಗಾತ್ರದ ತೊಳೆದ ಖಡಿ, ನೀರು ಒಳಬರುವ ಮತ್ತು ಹೊರಹೋಗುವ ತುದಿಗಳಲ್ಲಿ ಮುಷ್ಟಿ ಗಾತ್ರದ ಕಲ್ಲು. ಒಟ್ಟು ಸುಮಾರು 60 ಬ್ರಾಸ್ ಬೇಕಾದೀತು. ಖರ್ಚಿನ ದೊಡ್ಡ ಪಾಲು ಇದೇ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ, ಬರವಿರುವುದು ನೀರಿಗೆ. ನೀರಿನ ಮಟ್ಟ ಯಾವಾಗಲೂ ಖಡಿಯ ಮೇಲ್ಮೈಯಿಂದ 10 ಸೆಂಟಿಮೀಟರ್ ಕೆಳಗೇ ಇರತಕ್ಕದ್ದು. ಹೀಗೆ ನೀರು ಬಯಲಿಗೆ ಕಾಣದಿದ್ದರೆ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿಲ್ಲ, ವಾಸನೆಯೂ ಕಡಿಮೆ. ಖಡಿಯ ಸಂದಿಗಳಲ್ಲಿ ನೂರಕ್ಕೆ 40ರಷ್ಟು ಜಾಗ ಹಿಡಿದರೆ ಎರಡೂ ಮಡಿ ಕೂಡಿ ಸುಮಾರು 60,000 ಲೀಟರ್ ನೀರು ನಿಲ್ಲುತ್ತದೆ. ಅಂದರೆ ಇಂದು ಬಂದ ನೀರು ಹೊರಹೋಗಲು ಮೂರೂವರೆ, ನಾಲ್ಕು ದಿನ ಬೇಕು. ಆ ಅವಧಿಯಲ್ಲಿಯೇ ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮಾಡುವುದು.

ಮಡಿಗಿಂತ ಮೊದಲು ಎರಡು ತೊಟ್ಟಿಗಳು ಅಗತ್ಯ. ಪಾಯಖಾನೆಯ ನೀರು ಸೆಪ್ಟಿಕ್ ಟ್ಯಾಂಕಿನಲ್ಲಿ ನಿಂತು ತಿಳಿಯಾಗಿ ಬರಬೇಕು. ಅಡುಗೆ ಮನೆಯ ನೀರು ಜಿಡ್ಡು ಹಿಡಿಯುವ ತೊಟ್ಟಿಯನ್ನು ದಾಟಿ ಬರಬೇಕು. ಇದನ್ನು ಒತ್ತಿ ಹೇಳುತ್ತೇನೆ. ಇಂಥ ಮಡಿಗಳು ಕೆಡುವುದು ಬಹುಮಟ್ಟಿಗೆ ಆಪು ಸತ್ತು ಅಲ್ಲ, ಖಡಿ ಕಟ್ಟಿಕೊಂಡು. 250 ಮಕ್ಕಳ ಅನ್ನದ ಗಂಜಿ, ಒಗ್ಗರಣೆಯ ಎಣ್ಣೆ ನೇರವಾಗಿ ಖಡಿಗೆ ಇಳಿದರೆ ಎರಡು ವರ್ಷವೂ ಬಾಳದು. ಜಿಡ್ಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬಳಿದು ತಿಪ್ಪೆಗೆ ಹಾಕಬೇಕು. ಈ ಕೆಲಸವನ್ನು ಮಾಡುವ ಕೈ ಗೊತ್ತಾಗದೆ ಮಡಿ ಕಟ್ಟಲು ಹೊರಡಬೇಡಿರಿ. ಪಾಯಖಾನೆಯ ನೀರಿನ ಬಗ್ಗೆ ಅಂಜಿಕೆಯಿದ್ದರೆ ಮೊದಲ ವರ್ಷ ಬಚ್ಚಲು ಮತ್ತು ಅಡುಗೆ ಮನೆಯ ನೀರನ್ನಷ್ಟೇ ಬಿಟ್ಟು ನೋಡಬಹುದು.

ಹಗಲು ಶಾಲೆಗಳಿಗೆ ಇಷ್ಟು ಖಟಪಟಿ ಬೇಡ. ಬಿಸಿಯೂಟದ ತಟ್ಟೆ ತೊಳೆದ ನೀರಿಗೆ ನಾಲ್ಕು ಬಾಳೆ, ಎರಡು ತೆಂಗು, ಒಂದು ನುಗ್ಗೆ ಸಾಕು.

ಬಿಸಿಲಿನಲ್ಲಿ ಎಷ್ಟು ನೀರು ಆರಿ ಹೋಗುತ್ತದೆ ಎಂದು ನೀವು ಕೇಳುವಿರಿ. ಕೇಳಲೇಬೇಕು. ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ದಿನಕ್ಕೆ 10 ಮಿಲಿಮೀಟರ್ ಆರುತ್ತದೆಂದು ಧಾರಾಳವಾಗಿ ಹಿಡಿದರೆ 250 ಚದರ ಮೀಟರಿನಿಂದ 2,500 ಲೀಟರ್ ಹೋಗುತ್ತದೆ. 16,000ದಲ್ಲಿ 13,500 ಉಳಿಯಿತು. ಆರು ಮೀಟರ್ ಅಂತರದಲ್ಲಿ ನೆಟ್ಟ ಒಂದು ಎಕರೆ ಲಿಂಬೆಯಲ್ಲಿ ಸುಮಾರು 110 ಗಿಡ. ಬೆಳೆದ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ 100 ಲೀಟರ್ ಕೊಟ್ಟರೂ ನೀರು ಮಿಗುತ್ತದೆ. ಜೊತೆಗೆ ಗೊಬ್ಬರ. ಮಡಿಯನ್ನು ದಾಟಿದ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಉಳಿಯಿತೆಂದರೆ ದಿನಕ್ಕೆ ಕಾಲು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು. ಯೂರಿಯಾದ ಲೆಕ್ಕದಲ್ಲಿ ಅರ್ಧ ಕಿಲೋಗ್ರಾಂ ದಾಟಿತು.

ಗೊಬ್ಬರದ ಮಾತು ಕೇಳಿ ಮನಸ್ಸು ಹಿಗ್ಗುವ ಮೊದಲು ಹುಬ್ಬಳ್ಳಿ-ಧಾರವಾಡದ ಪಾಠವನ್ನು ಕೇಳಿರಿ. ಅಲ್ಲಿಯ ನಾಲಾಗಳ ಗುಂಟ ರೈತರು ಸಂಸ್ಕರಿಸದ ಹೊಲಸು ನೀರಿನಿಂದಲೇ ಬೇಸಾಯ ಮಾಡುತ್ತ ಬಂದುದನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಾ. ಸಿ. ಎಸ್. ಹುಣಶಾಳ ಮತ್ತು ವಿದೇಶದ ಸಹ ಸಂಶೋಧಕರು ಅಭ್ಯಸಿಸಿ 2003ರಲ್ಲಿ ಪ್ರಕಟಿಸಿದರು. ಬೇಸಿಗೆಯಲ್ಲಿಯೂ ಕಾಯಿಪಲ್ಲೆ ಬಂದಿತು, ಗೊಬ್ಬರದ ಖರ್ಚು ಉಳಿಯಿತು. ಆದರೆ ಕಳೆ ಹೆಚ್ಚಿತು, ಕೀಟ ಹೆಚ್ಚಿತು, ಮಣ್ಣು ಕೆಡುವ ಭಯ ಬಂದಿತು, ಆಸ್ಪತ್ರೆಯ ಸೂಜಿಗಳು ಸಹ ಹೊಲಕ್ಕೆ ಬಂದವು. ಶಾಲೆಯ ನೀರಿನಲ್ಲಿ ಸೂಜಿ ಇರಲಾರದು. ಉಳಿದದ್ದು ನಮಗೂ ಅನ್ವಯಿಸುತ್ತದೆ.

ಆಪಿನ ಮಡಿ ಮಾಡಲಾರದ ಎರಡು ಕೆಲಸಗಳಿವೆ. ರೋಗಾಣುಗಳನ್ನು ಅದು ಬಹಳಷ್ಟು ಕಡಿಮೆ ಮಾಡುತ್ತದೆ, ಪೂರ್ತಿ ನಾಶ ಮಾಡುವುದಿಲ್ಲ. ಆದುದರಿಂದ ಸೌತೆ, ಮೂಲಂಗಿ, ಮೆಂತ್ಯೆ, ಕೊತ್ತಂಬರಿ ಮುಂತಾದ ಹಸಿಯಾಗಿ ತಿನ್ನುವ ಬೆಳೆಗೆ ಈ ನೀರು ಕೂಡದು. ಶಾಲೆಯ ಕೈತೋಟದ ಕೊತ್ತಂಬರಿಯನ್ನು ಮಕ್ಕಳ ಚಟ್ನಿಗೇ ಹಾಕುತ್ತಾರೆ ಎಂಬುದನ್ನು ಮರೆಯಬಾರದು. ಲಿಂಬೆ, ಮಾವು, ಬೇವು, ನೇಪಿಯರ್ ಮೇವು ಇವಕ್ಕೆ ಬುಡದಲ್ಲಿ ಹನಿಸಬಹುದು. ಮೇವನ್ನು ಕೊಯ್ದು ಒಂದು ದಿನ ಬಿಸಿಲಿಗೆ ಬಾಡಿಸಿ ಹಾಕಬೇಕು. ಎರಡನೆಯದು ಉಪ್ಪು. ಉಪ್ಪನ್ನು ಯಾವ ಆಪೂ ತೆಗೆಯದು. ನೀರು ಆರಿದಷ್ಟೂ ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ, ಸಾಬೂನು ಪುಡಿಯ ಸೋಡಿಯಂ ಅದಕ್ಕೆ ಸೇರುತ್ತದೆ. ಡೋಣಿ ದಂಡೆಯ ಎರಿಯಲ್ಲಿ ಸವಳಿನ ಕಾಟ ಈಗಾಗಲೇ ಇದೆ. ಅಲ್ಲಿ ಈ ನೀರನ್ನು ಒಂದೇ ತುಂಡಿಗೆ ವರ್ಷಗಟ್ಟಲೆ ಹಾಯಿಸಿದರೆ ಮೊದಲು ಹೇಳಿದ ರೈತರ ಹೊಲದಲ್ಲಿ ಕಂಡ ಬಿಳಿ ಉಪ್ಪು ನಿಮ್ಮಲ್ಲಿಯೂ ಕಂಡೀತು. ವರ್ಷಕ್ಕೊಮ್ಮೆ ನೀರನ್ನೂ ಮಣ್ಣನ್ನೂ ಪರೀಕ್ಷೆಗೆ ಕೊಡುವುದು ಕಡ್ಡಾಯವೆಂದು ತಿಳಿಯಿರಿ. ಬಸಿಯುವ ಮಡ್ಡಿ ಭೂಮಿಯಲ್ಲಿ ಈ ಭಯ ಕಡಿಮೆ.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ಅದು ಎಂಜಿನಿಯರರ ನಕ್ಷೆಯಲ್ಲಿ ಕಾಣುವಂಥದಲ್ಲ. ಏಪ್ರಿಲ್ ಎರಡನೆಯ ವಾರಕ್ಕೆ ಶಾಲೆಗೆ ರಜೆ. ಮಕ್ಕಳು ಗಂಟುಮೂಟೆ ಕಟ್ಟಿ ಊರಿಗೆ ಹೋದ ದಿನವೇ ಮಡಿಗೆ ನೀರು ನಿಂತಿತು. ಮೇ ಕೊನೆಯವರೆಗೆ ಸುಮಾರು 50 ದಿನ, ವರ್ಷದಲ್ಲಿಯೇ ಕೆಟ್ಟ ಬಿಸಿಲಿನ 50 ದಿನ, ಹನಿ ನೀರಿಲ್ಲ. ಮಳೆ ಹಿಂದೆ ಬಿದ್ದರೆ ಇನ್ನೂ ಹೆಚ್ಚು. ಕಟ್ಟಿಸಿದವರು ಫೋಟೋ ತೆಗೆಸಿಕೊಂಡು ಹೋಗಿರುತ್ತಾರೆ. ಜೂನಿನಲ್ಲಿ ಮಕ್ಕಳು ಬಂದು ನೋಡಿದರೆ ಒಣಗಿದ ದಂಟು, ಮುರಿದ ಬೇಲಿ, ಒಳಗೆ ನಾಲ್ಕು ಆಡು. ಮರುವರ್ಷ ಅದು ಕಸ ಎಸೆಯುವ ಜಾಗ. ಆದಿಲ್‌ಶಾಹಿಗಳು 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿಗೇ ನಾವು ಎಷ್ಟೋ ಕಾಲ ಕಸ ತುಂಬಿದವರು, ಆಪಿನ ಮಡಿಯ ಪಾಡೇನು?

ಇದಕ್ಕೆ ಉಪಾಯವಿದೆ, ಅದು ರೈತನಿಗೆ ಹೊಳೆಯುವ ಉಪಾಯ. ಹೊರಹೋಗುವ ಕೊಳವೆಗೆ ತಿರುಗುವ ಮೊಣಕೈ ಹಾಕಿಸಿರಿ. ರಜೆಗೆ ಒಂದು ವಾರ ಮುಂಚೆ ಮೊಣಕೈ ಎತ್ತಿ ಮಡಿಯನ್ನು ಪೂರ್ತಿ ತುಂಬಿಸಿರಿ. ಆಪನ್ನು ಒಂದು ಮೊಳ ಬಿಟ್ಟು ಕೊಯ್ದು, ಆ ಕೊಯ್ದ ಸೊಪ್ಪನ್ನೇ ಖಡಿಯ ಮೇಲೆ ಹೊದಿಕೆಯಾಗಿ ಹರಡಿರಿ. ಎಲೆ ಕಡಿಮೆಯಾದರೆ ಆರುವ ನೀರೂ ಕಡಿಮೆ. ದಿನಕ್ಕೆ 2,000 ಲೀಟರ್ ಹೋದರೂ ನಿಂತ 60,000 ಲೀಟರ್ ಒಂದು ತಿಂಗಳು ಬರುತ್ತದೆ. ಉಳಿದ ಮೂರು ವಾರಕ್ಕೆ ವಾರಕ್ಕೊಂದರಂತೆ 5,000 ಲೀಟರಿನ ಮೂರು ಟ್ಯಾಂಕರ್ ಬಿಟ್ಟರೆ ಗಡ್ಡೆ ಹಸಿಯಾಗಿ ಉಳಿಯುತ್ತದೆ. ಆಪಿನ ಗಡ್ಡೆ ಗಟ್ಟಿ ಜೀವ. ತೇವ ಉಳಿದರೆ ಮತ್ತೆ ಚಿಗುರುತ್ತದೆ.

ಆ ಮೂರು ಟ್ಯಾಂಕರ್ ಯಾರು ಕೊಡಬೇಕು? ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ವರ್ಷದ ಹತ್ತು ತಿಂಗಳು ನೀರು ಪಡೆಯುವ ಪಕ್ಕದ ರೈತನೇ ಕೊಡಬೇಕು. ಮಡಿಯಿಂದ ಹೊರಬಂದ ನೀರು ಮೊದಲು ಶಾಲೆಯ ಗಿಡಗಳಿಗೆ ಮತ್ತು ಪಾಯಖಾನೆಗೆ. ಮಿಕ್ಕದ್ದನ್ನು ಲಿಖಿತ ಕರಾರಿನ ಮೇಲೆ ಬದುವಿಗೆ ಹತ್ತಿದ ಒಬ್ಬ ರೈತನಿಗೆ ಬಿಡಬೇಕು. ಅದಕ್ಕೆ ಪ್ರತಿಯಾಗಿ ಅವನು ಬೇಲಿ ಕಾಯಬೇಕು, ವರ್ಷಕ್ಕೊಮ್ಮೆ ಆಪು ಕೊಯ್ಯಬೇಕು, ರಜೆಯಲ್ಲಿ ಮಡಿಯನ್ನು ಬದುಕಿಸಬೇಕು. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುತ್ತಾರೆ, ನಿಲಯಪಾಲಕರು ಬದಲಾಗುತ್ತಾರೆ, ಗುತ್ತಿಗೆದಾರರು ಬಿಲ್ಲು ಪಾಸಾದ ಮೇಲೆ ಈ ಕಡೆ ಹಾಯುವುದಿಲ್ಲ. ಬದುವಿನ ರೈತ ಮಾತ್ರ ಎಲ್ಲಿಯೂ ಹೋಗುವುದಿಲ್ಲ. ಮಡಿ ಒಂದು ಯಂತ್ರವಲ್ಲ, ಅದೊಂದು ಬೆಳೆ. ಬೆಳೆಯನ್ನು ಕಾಯುವುದು ಕಚೇರಿಯಿಂದ ಆಗದು.

ನೀರು ಎತ್ತುವ ಯೋಜನೆಗಳು ಬಂದು, ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾ ಭಾಗದ ಕೆರೆಗಳನ್ನು ಮುಟ್ಟಿದ ಮೇಲೆ ಇದೆಲ್ಲ ಏಕೆ ಬೇಕು ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ನೀರು ಹೆಚ್ಚಿದಷ್ಟೂ ಮೋರಿಯ ನೀರೂ ಹೆಚ್ಚುತ್ತದೆ ಎಂಬುದೇ ಅದಕ್ಕೆ ಉತ್ತರ. ನಗರಕ್ಕೆ ಒಳಚರಂಡಿಯಾದರೂ ಉಂಟು. ಹೊಲದ ನಡುವಿನ ಶಾಲೆಗೆ ನಿಮ್ಮ ಹೊಲವೇ ಚರಂಡಿ.

ಮುಂದಿನ ಪಾಲಕರ ಸಭೆಗೆ ಹೋಗುವಾಗ, ಸಾಧ್ಯವಾದರೆ, ಶಾಲೆಯ ಹಿತ್ತಲನ್ನು ಒಮ್ಮೆ ಸುತ್ತಿ ಹೋಗಿರಿ. ನೀರು ಯಾವ ಕಡೆ ಇಳಿಯುತ್ತದೆ, ಎರಡೂವರೆ ಗುಂಟೆ ಎಲ್ಲಿ ಸಿಕ್ಕೀತು, ಕುಡಿಯುವ ನೀರಿನ ಬೋರ್‌ವೆಲ್ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿಕೊಳ್ಳಿರಿ. ಮಡಿಯ ಅಗೆತ, ಖಡಿ, ಹಾಳೆ ಎಲ್ಲವೂ ಬೇಸಿಗೆಯ ರಜೆಯಲ್ಲಿ ಮುಗಿಯಲಿ. ಮೃಗಶಿರ ಮಳೆಗೆ ಮಕ್ಕಳು ಮರಳಿ ಬಂದು ಬಚ್ಚಲು ನೀರು ಶುರುವಾದ ವಾರದಲ್ಲಿ, ಹತ್ತಿರದ ಕೆರೆಯಂಚಿನಿಂದ ಕಣ್ಣಿರುವ ಆಪಿನ ಗಡ್ಡೆಗಳನ್ನು ಕಿತ್ತು ತಂದು, ಎರಡು ಅಡಿಗೊಂದರಂತೆ, ತುದಿ ನೀರಿಗೆ ತಾಗುವ ಹಾಗೆ ಖಡಿಯಲ್ಲಿ ಊರಿರಿ. ಅಂಚಿಗೆ ಒಂದು ಸಾಲು ಕ್ಯಾನಾ ಹಾಕಿದರೆ ಹೂ ಬಿಡುತ್ತದೆ, ಮಕ್ಕಳಿಗೂ ನೋಡಲು ಚೆಂದ. ಮೊದಲ ಮೂರು ತಿಂಗಳು ನೀರು ಪೂರ್ತಿ ತಿಳಿಯಾಗದಿದ್ದರೆ ಗಾಬರಿ ಬೇಡ. ಬೇರು ಇಳಿಯಬೇಕು, ಖಡಿಗೆ ಲೋಳೆ ಹಿಡಿಯಬೇಕು. ಅಲ್ಲಿಯವರೆಗೆ ಆ ನೀರನ್ನು ಬೇವಿನ ಗಿಡಗಳಿಗೆ ಬಿಡಿರಿ.